ಜನಿವಾರ ಸಿಕ್ಕಿತು, ಮಾತ್ರೆ ಸಿಗಲಿಲ್ಲ

ಮತ್ತೆ ಪರೀಕ್ಷೆ ಸೀಸನ್. ಮತ್ತೆ ಪೇಪರಿನಲ್ಲಿ ಅದೇ ಫೋಟೋಗಳು. ಗೇಟಿನ ಹತ್ತಿರ ಒಬ್ಬ ಹುಡುಗಿ ಓಲೆ ಬಿಚ್ಚುತ್ತಿದ್ದಾಳೆ, ತಿರುಪು ಬಿಗಿಯಾಗಿದೆ, ಅವಳಮ್ಮ ಸೆರಗಿನ ತುದಿಯಲ್ಲಿ ಹಿಡಿದು ತಿರುಗಿಸುತ್ತಿದ್ದಾರೆ. ಪಕ್ಕದಲ್ಲಿ ಒಬ್ಬ ಅಪ್ಪ ಮಗನ ತುಂಬು ತೋಳಿನ ಅಂಗಿಯನ್ನು ಮೊಣಕೈವರೆಗೆ ಕತ್ತರಿಸುತ್ತಿದ್ದಾನೆ. ಕತ್ತರಿ ಎದುರಿನ ಜೆರಾಕ್ಸ್ ಅಂಗಡಿಯದ್ದು. ಹೊಸ ಅಂಗಿ. ದೇವರ ಮುಂದೆ ಇಟ್ಟು, ಕುಂಕುಮ ಹಚ್ಚಿ ಹಾಕಿಕೊಂಡು ಬಂದಿದ್ದು.

ತಪಾಸಣೆಯಲ್ಲಿ ನಮ್ಮನ್ನು ಮೀರಿಸೋರು ಯಾರೂ ಇಲ್ಲ ಬಿಡಿ. 2016ರಲ್ಲಿ ಬಿಹಾರದ ಮುಜಫ್ಫರಪುರದಲ್ಲಿ ಸೇನೆ ಸೇರಲು ಬಂದ ಹುಡುಗರನ್ನು ಬರೀ ಚಡ್ಡಿಯಲ್ಲಿ ಮೈದಾನದಲ್ಲಿ ಕೂರಿಸಿ ಪರೀಕ್ಷೆ ಬರೆಸಿದರು. ನಾವೇನು ಕಮ್ಮಿ? 2019ರಲ್ಲಿ ಹಾವೇರಿಯ ಒಂದು ಪಿಯು ಕಾಲೇಜು ಮಕ್ಕಳ ತಲೆಗೆ ರಟ್ಟಿನ ಡಬ್ಬ ಹಾಕಿ ಕೂರಿಸಿತು. ಮುಂದೆ ಮಾತ್ರ ಕಿಂಡಿ. ಆ ಫೋಟೋ ಲಂಡನ್ ಪೇಪರುಗಳಲ್ಲೂ ಬಂತು, ಹಾವೇರಿಗೆ ಏಲಕ್ಕಿ ಹಾರಕ್ಕಿಂತ ದೊಡ್ಡ ಹೆಸರು ಬಂತು. 2025ರ ಏಪ್ರಿಲ್‌ನಲ್ಲಿ ಸಿಇಟಿ ದಿನ ಬೀದರ್, ಶಿವಮೊಗ್ಗದಲ್ಲಿ ಜನಿವಾರಕ್ಕೇ ಕೈ ಹಾಕಿದರು. ಬೀದರ್‌ನ ಹುಡುಗ ತೆಗೆಯಲ್ಲ ಅಂದ, ಅವನ ಗಣಿತ ಪರೀಕ್ಷೆಯೇ ತಪ್ಪಿತು. ಆಮೇಲಿನ ಗಲಾಟೆ ನಿಮಗೆಲ್ಲ ಗೊತ್ತೇ ಇದೆ.

ನನಗೆ ಆಗ ತಲೆಗೆ ಹೊಕ್ಕ ಹುಳ ಬೇರೆ. ನೂಲಿನ ಎಳೆಯಲ್ಲಿ ಬ್ಲೂಟೂತ್ ಹುಡುಕಿದ ಈ ಮಹಾನುಭಾವರು, ಮಕ್ಕಳ ಹೊಟ್ಟೆಯೊಳಗೆ ಏನೇನು ಹೋಗಿದೆ ಅಂತ ಯಾಕೆ ಕೇಳುವುದಿಲ್ಲ? ಅಂಗಿಯ ಗುಂಡಿ ದೊಡ್ಡದಾದರೆ ಅಪರಾಧ. ಹಿಂದಿನ ರಾತ್ರಿ ನಿದ್ದೆ ಓಡಿಸುವ ಮಾತ್ರೆ ನುಂಗಿ ಬೆಳಗಾಗುವವರೆಗೆ ಓದಿ ಬಂದರೆ ಪರಿಶ್ರಮ.

ಓಟಗಾರರ ಪಾಡು ನೋಡಿ. 2003ರಲ್ಲಿ ಪ್ಯಾರಿಸ್‌ನ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ಅಮೆರಿಕದ ಕೆಲಿ ವೈಟ್ 100 ಮೀಟರ್, 200 ಮೀಟರ್ ಎರಡನ್ನೂ ಗೆದ್ದರು. ಪರೀಕ್ಷೆ ಮಾಡಿದರೆ ಮೊಡಾಫಿನಿಲ್ ಸಿಕ್ಕಿತು, ನಿದ್ದೆ ಬರದಂತೆ ತಡೆಯುವ ಮದ್ದು. ನನಗೆ ನಾರ್ಕೊಲೆಪ್ಸಿ, ನಮ್ಮ ಮನೆತನದಲ್ಲೇ ಇದೆ, ಹಗಲು ಹೊತ್ತಿನಲ್ಲೂ ನಿದ್ದೆ ಎಳೆಯುತ್ತೆ ಅಂದರು. ಪ್ರಪಂಚದಲ್ಲೇ ಅತಿ ವೇಗವಾಗಿ ಓಡುವ ಹೆಂಗಸಿಗೆ ನಿದ್ದೆಯ ಕಾಯಿಲೆ! ಯಾರು ನಂಬುತ್ತಾರೆ? ಮುಂದಿನ ವರ್ಷ ಉದ್ದೀಪನ ಮದ್ದು ತಗೊಂಡಿದ್ದನ್ನು ಒಪ್ಪಿಕೊಂಡರು. ಎರಡೂ ಚಿನ್ನ ಹೋಯಿತು, ಎರಡು ವರ್ಷ ನಿಷೇಧ ಬಿತ್ತು. ಅದೇ ಮಾತ್ರೆ ನುಂಗಿ, ಅದೇ ವರ್ಷ, ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಚಿನ್ನದ ಪದಕ ತಗೊಂಡಿದ್ದರೆ ಅದು ಇವತ್ತಿಗೂ ಷೋಕೇಸ್‌ನಲ್ಲಿ ಇರುತ್ತಿತ್ತು. ಬಂದ ನೆಂಟರಿಗೆಲ್ಲ ತೋರಿಸಬಹುದಿತ್ತು.

ಇದು ಇವತ್ತಿನ ಕಥೆಯೂ ಅಲ್ಲ. 1937ರಲ್ಲೇ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದವರು ಪ್ರಯೋಗಕ್ಕೆಂದು ಹುಡುಗರಿಗೆ ಬೆಂಜೆಡ್ರಿನ್ ಎಂಬ, ಮೆದುಳನ್ನು ಉದ್ದೀಪಿಸುವ ಆಂಫೆಟಮಿನ್ ಮದ್ದು ಕೊಟ್ಟರು. ಪ್ರಯೋಗದ ಫಲಿತಾಂಶ ಬರುವ ಮೊದಲೇ ಹಾಸ್ಟೆಲಿನಲ್ಲಿ ಸುದ್ದಿ ಹಬ್ಬಿತು: ಇದನ್ನು ನುಂಗಿದರೆ ನಿದ್ದೆ ಬರಲ್ಲ, ಪರೀಕ್ಷೆಗೆ ಒಳ್ಳೇದು. ಅದೇ ವರ್ಷ ರೋಡ್ ಐಲೆಂಡ್‌ನಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು ತಮ್ಮ ಆಸ್ಪತ್ರೆಯ ಮಕ್ಕಳಿಗೆ ತಲೆನೋವಿಗೆಂದು ಅದೇ ಮದ್ದು ಕೊಟ್ಟರು. ತಲೆನೋವೇನೂ ಅಷ್ಟಾಗಿ ಹೋಗಲಿಲ್ಲ. ಮಕ್ಕಳು ಮಾತ್ರ ಕೂತು ಲೆಕ್ಕ ಮಾಡತೊಡಗಿದರು! ಮಕ್ಕಳೇ ಅದಕ್ಕೆ ಲೆಕ್ಕದ ಮಾತ್ರೆ ಅಂತ ಹೆಸರಿಟ್ಟರು.

ಗಮನ ಒಂದೆಡೆ ನಿಲ್ಲಲೆಂದು ಕೊಡುವ ರಿಟಲಿನ್ ಮಾತ್ರೆ ಹುಟ್ಟಿದ ಕಥೆ ಇನ್ನೂ ಚೆನ್ನಾಗಿದೆ. 1944ರಲ್ಲಿ ಸ್ವಿಟ್ಜರ್ಲೆಂಡ್‌ನ ಸೀಬಾ ಕಂಪನಿಯ ಲಿಯಾಂಡ್ರೊ ಪನಿಜೋನ್ ಎಂಬಾತ ಮೀಥೈಲ್‌ಫೆನಿಡೇಟ್ ತಯಾರಿಸಿದ. ಅವನ ಹೆಂಡತಿ ರೀಟಾ. ಆಕೆಗೆ ರಕ್ತದೊತ್ತಡ ಕಮ್ಮಿ. ಟೆನಿಸ್ ಆಡುವ ಮೊದಲು ಇದನ್ನು ತಗೊಂಡರೆ ಆಟ ಚೆನ್ನಾಗಿ ಬರುತ್ತಿತ್ತಂತೆ. ಅದಕ್ಕೇ ರಿಟಲಿನ್. ಹೆಂಡತಿ ಹೆಸರನ್ನು ಮನೆಗೆ, ಲಾರಿಗೆ, ದರ್ಶಿನಿ ಹೋಟೆಲಿಗೆ ಇಟ್ಟವರನ್ನು ನೋಡಿದ್ದೇವೆ. ಮಾತ್ರೆಗೆ ಇಟ್ಟ ಗಂಡ ಇವನೊಬ್ಬನೇ ಇರಬೇಕು. ಪಾಪ, ರೀಟಾ ಆಡಿದ್ದು ಟೆನಿಸ್. ಆಕೆಯ ಹೆಸರು ನುಂಗಿಕೊಂಡು ಇವತ್ತು ಮಕ್ಕಳು ಆರ್ಗ್ಯಾನಿಕ್ ಕೆಮಿಸ್ಟ್ರಿ ಉರು ಹೊಡೆಯುತ್ತಿದ್ದಾರೆ.

ಈ ಮಾತ್ರೆಗಳ ಪರ ವಾದ ಮಾಡುವವರು ತಪ್ಪದೆ ಎತ್ತುವ ಹೆಸರು ಗಣಿತಜ್ಞ ಪಾಲ್ ಎರ್ಡಿಶ್. ಆತ ಆಂಫೆಟಮಿನ್ ತಗೊಳ್ಳುತ್ತಿದ್ದ. 1979ರಲ್ಲಿ ಗೆಳೆಯ ರಾನ್ ಗ್ರಹಾಂ 500 ಡಾಲರ್ ಬಾಜಿ ಕಟ್ಟಿದ, ಒಂದು ತಿಂಗಳು ಬಿಡು ನೋಡೋಣ ಅಂತ. ಎರ್ಡಿಶ್ ಬಿಟ್ಟ, ದುಡ್ಡೂ ಗೆದ್ದ. ಆಮೇಲೆ ಬೈದ: ನಿನ್ನಿಂದ ಗಣಿತ ಒಂದು ತಿಂಗಳು ಹಿಂದಕ್ಕೆ ಹೋಯಿತು. ಮತ್ತೆ ಶುರು ಮಾಡಿದ. ಈ ಕಥೆ ಹೇಳಿ ಕಾಲೇಜು ಹುಡುಗ ನನ್ನನ್ನು ನೋಡಿ ನಗುತ್ತಾನೆ, ಇನ್ನೇನು ಹೇಳ್ತೀರಿ ಅನ್ನುವ ಹಾಗೆ. ಹೇಳುವುದಿಷ್ಟೇ ಮಾರಾಯ. ಮಾತ್ರೆ ಹೋಗಿದ್ದು ಎರ್ಡಿಶ್‌ನ ತಲೆಗೆ. ಅವನು ಬರೆದಿದ್ದು ಸುಮಾರು 1500 ಸಂಶೋಧನಾ ಪ್ರಬಂಧ. ನೀನು ಬರೆಯಬೇಕಾಗಿರುವುದು ಥರ್ಡ್ ಸೆಮಿಸ್ಟರಿನ ಬ್ಯಾಕ್‌ಲಾಗ್.

ಇನ್ನು ನೈತಿಕತೆ. 2011ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ ಒಂದು ನಿಯಮ ಮಾಡಿತು. ವೈದ್ಯರು ಬರೆದುಕೊಡದೆ, ಓದಿನಲ್ಲಿ ಮುಂದೆ ಬರಲೆಂದು ಇಂಥ ಮದ್ದು ತಗೊಂಡರೆ ಅದು ಮೋಸ, ಕಾಪಿ ಹೊಡೆದ ಲೆಕ್ಕ. ಭೇಷ್. ಆದರೆ ಹಿಡಿಯುವುದು ಹೇಗೆ? ಲೈಬ್ರರಿ ಬಾಗಿಲಲ್ಲಿ ಬಾಟಲಿ ಹಿಡಿದುಕೊಂಡು ನಿಲ್ಲೋರು ಯಾರು? ನಮ್ಮ ಬೆಂಗಳೂರಿನಲ್ಲಿ ಫುಟ್‌ಪಾತ್ ಮೇಲೆ ಬೈಕ್ ಓಡಿಸಬಾರದು ಅನ್ನುವ ನಿಯಮ ಇದೆಯಲ್ಲ, ಹಾಗೆ. ಇದೆ.

ನಿಯಮ ಮಾಡುವ ಮೇಷ್ಟ್ರುಗಳೇನು ಸಾಚಾಗಳಾ? 2008ರಲ್ಲಿ ನೇಚರ್ ಪತ್ರಿಕೆ ತನ್ನ ಓದುಗರನ್ನೇ ಕೇಳಿತು. 60 ದೇಶಗಳ 1400 ಜನ ಉತ್ತರ ಕೊಟ್ಟರು. ಐವರಲ್ಲಿ ಒಬ್ಬರು ಕಾಯಿಲೆ ಇಲ್ಲದೆಯೂ, ತಲೆ ಚುರುಕಾಗಲಿ ಅಂತ ಮಾತ್ರೆ ನುಂಗಿದ್ದರು. ನೇಚರ್ ಓದುವವರು ಅಂದರೆ ಯಾರು? ವಿಜ್ಞಾನಿಗಳು, ಪ್ರೊಫೆಸರುಗಳು. ಅದೇ ವರ್ಷದ ಕೊನೆಗೆ ಅದೇ ಪತ್ರಿಕೆಯಲ್ಲಿ ಕೆಲವು ವಿದ್ವಾಂಸರು ಸೇರಿ ಒಂದು ಲೇಖನವನ್ನೂ ಬರೆದರು. ವಯಸ್ಕರು ಜವಾಬ್ದಾರಿಯಿಂದ ತಗೊಂಡರೆ ತಪ್ಪೇನು, ಕಾಫಿ ಕುಡಿಯುವುದಿಲ್ಲವೇ, ಟ್ಯೂಷನ್‌ಗೆ ಹೋಗುವುದಿಲ್ಲವೇ ಅನ್ನುವ ಧಾಟಿ.

ಕಾಫಿ ಮಾತು ಬಂದರೆ ನಾವೆಲ್ಲ ಸುಮ್ಮನಾಗಬೇಕು. 2004ರವರೆಗೆ ಕೆಫೀನ್ ಕೂಡ ಕ್ರೀಡೆಯಲ್ಲಿ ನಿಷೇಧದ ಪಟ್ಟಿಯಲ್ಲಿತ್ತು, ಒಂದು ಮಿತಿ ದಾಟಿದರೆ ಔಟ್. ಆ ಮಿತಿಯನ್ನು ನಮ್ಮ ಚಿಕ್ಕಮಗಳೂರು, ಹಾಸನದ ಮನೆಗಳಿಗೆ ಹಾಕಿದ್ದರೆ ಅರ್ಧ ಜಿಲ್ಲೆ ಅಮಾನತಾಗುತ್ತಿತ್ತು. ಪರೀಕ್ಷೆ ಹಿಂದಿನ ರಾತ್ರಿ ಎರಡು ಗಂಟೆಗೆ ಎದ್ದು ಫಿಲ್ಟರಿಗೆ ಪುಡಿ ಹಾಕುವ ಅಮ್ಮನನ್ನು ಏನಂತ ಕರೀಬೇಕು? ಸಪ್ಲೈಯರ್?

ಅದಕ್ಕೂ ಮೊದಲು ಒಂದೆಲಗ ಇದೆಯಲ್ಲ. ಮಲೆನಾಡು, ಕರಾವಳಿಯ ಮಕ್ಕಳನ್ನು ಕೇಳಿ. ಮಾರ್ಚ್ ಹತ್ತಿರ ಬಂದರೆ ದಿನಾ ಒಂದೆಲಗದ ತಂಬುಳಿ. ಬೆಳಗ್ಗೆ ಬರಿ ಹೊಟ್ಟೆಗೆ ನಾಲ್ಕು ಎಲೆ ಅಗಿಯಬೇಕು, ಮುಖ ಕಿವುಚಿದರೆ ಬೈಗುಳ. ಇನ್ನು ಸಾರಸ್ವತಾರಿಷ್ಟದ ಬಾಟಲಿ, ಯಾರೋ ಸ್ವಾಮಿಗಳು ಮಂತ್ರಿಸಿ ಕೊಟ್ಟ ಜೇನುತುಪ್ಪ. ಪೇಟೆಯ ಮಕ್ಕಳಿಗೆ ಡಬ್ಬದ ಪುಡಿ. ಕುಡಿದರೆ ಎತ್ತರ, ಬಲ, ಬುದ್ಧಿ ಮೂರೂ ಬರುತ್ತೆ ಅಂತ ಟಿವಿಯಲ್ಲಿ ದಶಕಗಟ್ಟಲೆ ಹೇಳಿದರು. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರಕ್ಕೆ ಎಚ್ಚರವಾಗಿ, ಬೋರ್ನ್‌ವಿಟಾ ಥರದ್ದನ್ನು ಹೆಲ್ತ್ ಡ್ರಿಂಕ್ ಅಂತ ಮಾರಬೇಡಿ ಎಂದು ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಅಷ್ಟು ಹೊತ್ತಿಗೆ ಕುಡಿದ ಮಕ್ಕಳೆಲ್ಲ ಮದುವೆಯಾಗಿ, ಅವರ ಮಕ್ಕಳಿಗೂ ಡಬ್ಬ ಬಂದಾಗಿತ್ತು. ಮಗುವಿನ ಬುದ್ಧಿ ಬಾಯಿಯ ಮೂಲಕವೇ ಒಳಗೆ ಹೋಗುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಇಷ್ಟು ಗಟ್ಟಿ. ಮಾತ್ರೆಯವನು ಬಂದಾಗ ಬಾಗಿಲು ತೆರೆದೇ ಇತ್ತು.

ಮೊನ್ನೆ ವಿಜಯನಗರದ ಒಂದು ಮೆಡಿಕಲ್ ಸ್ಟೋರಿನಲ್ಲಿ ನಿಂತಿದ್ದೆ. ಕೆಎಎಸ್, ಪಿಡಿಒ, ಪಿಎಸ್‌ಐ ಅಂತ ಓದುವ ಹುಡುಗರು ತುಂಬಿರುವ ಏರಿಯಾ. ಒಬ್ಬ ಬಂದ. ಇಪ್ಪತ್ತೈದರ ಆಸುಪಾಸು, ಕಣ್ಣು ಕೆಂಪು, ಕೈಯಲ್ಲಿ ಸುರುಳಿ ಸುತ್ತಿದ ಕರೆಂಟ್ ಅಫೇರ್ಸ್ ನೋಟ್ಸು.

"ಅಣ್ಣಾ, ನಿದ್ದೆ ಬರದಂಗೆ ಇರೋ ಮಾತ್ರೆ ಇದೆಯಲ್ಲ, ಅದು ಕೊಡಿ."

"ಡಾಕ್ಟರ್ ಬರ್ಕೊಟ್ಟಿದ್ದಾರಾ?"

"ಇಲ್ಲಣ್ಣಾ. ಫ್ರೆಂಡ್ ಹೇಳ್ದ."

"ಲಾರಿ ಓಡಿಸ್ತೀಯೇನಪ್ಪಾ?"

"ಇಲ್ಲಣ್ಣಾ, ಕೆಎಎಸ್."

"ಹಾಗಾದ್ರೆ ಲಾರಿನೇ ವಾಸಿ. ಲೋಡ್ ಇಳಿಸಿದ್ಮೇಲಾದ್ರೂ ಮಲಗಬಹುದು."

ಹುಡುಗ ನಗಲಿಲ್ಲ. ಒಂದು ಓಆರ್‌ಎಸ್ ಪ್ಯಾಕೆಟ್ ತಗೊಂಡು ಹೋದ. ಮುಂದಿನ ಅಂಗಡಿಯವನೂ ಇಷ್ಟೇ ಒಳ್ಳೆಯವನಾಗಿದ್ದನೋ ಇಲ್ಲವೋ.

ಅವನು ಕೇಳಿದ ಜಾತಿಯ ಮಾತ್ರೆ ನಮ್ಮ ದೇಶದ ಹೆಮ್ಮೆ ಅಂತ ಅವನಿಗೆ ಗೊತ್ತಿತ್ತೋ ಏನೋ. ಫ್ರಾನ್ಸ್‌ನಲ್ಲಿ ಹುಟ್ಟಿದ ಮೊಡಾಫಿನಿಲ್ ಈಗ ನಮ್ಮ ಫ್ಯಾಕ್ಟರಿಗಳಲ್ಲೇ ತಯಾರಾಗುತ್ತದೆ. ಇಂಟರ್‌ನೆಟ್ಟಿನ ಕಳ್ಳದಾರಿ ಹಿಡಿದು ಬ್ರಿಟನ್, ಅಮೆರಿಕದ ಹಾಸ್ಟೆಲ್‌ಗಳಿಗೆ ಹೋಗುತ್ತದೆ. ಇನ್ನೂರು ವರ್ಷ ನಮ್ಮನ್ನು ಆಳಿದವರ ಮೊಮ್ಮಕ್ಕಳ ನಿದ್ದೆ ಕೆಡಿಸುತ್ತಿದ್ದೇವೆ. ಇದಕ್ಕಿಂತ ದೊಡ್ಡ ಮೇಕ್ ಇನ್ ಇಂಡಿಯಾ ಬೇಕಾ?

ತಮಾಷೆ ಏನು ಗೊತ್ತಾ? ಈ ಮಾತ್ರೆ ನಿದ್ದೆ ಓಡಿಸಬಹುದು, ಆರೋಗ್ಯವಂತರ ಬುದ್ಧಿ ಹೆಚ್ಚಿಸುತ್ತದೆ ಅನ್ನುವುದೇ ಅನುಮಾನ. 2023ರಲ್ಲಿ ಮೆಲ್ಬೋರ್ನ್ ವಿಶ್ವವಿದ್ಯಾಲಯದವರ ಅಧ್ಯಯನವೊಂದು ಬಂತು. ಆರೋಗ್ಯವಂತ 40 ಜನ. ಒಂದು ಸಲ ಮೀಥೈಲ್‌ಫೆನಿಡೇಟ್, ಒಂದು ಸಲ ಮೊಡಾಫಿನಿಲ್, ಒಂದು ಸಲ ಡೆಕ್ಸ್‌ಆಂಫೆಟಮಿನ್, ಒಂದು ಸಲ ಏನೂ ಇಲ್ಲದ ಸುಳ್ಳು ಮಾತ್ರೆ. ಕೊಟ್ಟ ಕೆಲಸ: ಒಂದು ಚೀಲ ಇಷ್ಟೇ ಭಾರ ಹಿಡಿಯುತ್ತದೆ, ಬೇರೆ ಬೇರೆ ತೂಕದ, ಬೇರೆ ಬೇರೆ ಬೆಲೆಯ ಸಾಮಾನುಗಳಿವೆ, ಬೆಲೆ ಜಾಸ್ತಿ ಬರುವ ಹಾಗೆ ತುಂಬಿ. ಊರಿಗೆ ಹೊರಟಾಗ ಮನೆಯಲ್ಲಿ ಹೆಂಗಸರು ಕಣ್ಣಳತೆಯಲ್ಲೇ ಮಾಡುವ ಕೆಲಸ.

ಮಾತ್ರೆ ನುಂಗಿದವರು ಜಾಸ್ತಿ ಹೊತ್ತು ಕೂತರು. ಸಾಮಾನನ್ನು ಜಾಸ್ತಿ ಸಲ ತೆಗೆದರು, ಹಾಕಿದರು, ಮತ್ತೆ ತೆಗೆದರು. ಚೀಲ ಮಾತ್ರ ಚೆನ್ನಾಗಿ ತುಂಬಲಿಲ್ಲ. ಮಾತ್ರೆ ಇಲ್ಲದಾಗ ಎಲ್ಲರಿಗಿಂತ ಚೆನ್ನಾಗಿ ಮಾಡಿದವರೇ ಮಾತ್ರೆ ತಗೊಂಡಾಗ ಹಿಂದೆ ಬಿದ್ದರು. ಓಡಾಟ ಜಾಸ್ತಿ, ಕೆಲಸ ಕಮ್ಮಿ. ನಮ್ಮ ಎಷ್ಟೋ ಕಚೇರಿಗಳು ಯಾವ ಮಾತ್ರೆಯೂ ಇಲ್ಲದೆ ಸಾಧಿಸಿದ್ದನ್ನು ಇವರು ಲ್ಯಾಬ್‌ನಲ್ಲಿ ಸಾಧಿಸಿದರು ಅಷ್ಟೇ.

ಹಾಗಾದರೆ ಮಕ್ಕಳು ಯಾಕೆ ನುಂಗುತ್ತಾರೆ? ದಡ್ಡರಾ? ಅಲ್ಲ. ಅವರನ್ನು ಯಾರೂ ಬುದ್ಧಿ ಕೇಳುತ್ತಿಲ್ಲ, ಅದು ಅವರಿಗೆ ಗೊತ್ತಿದೆ. ಕೇಳುತ್ತಿರುವುದು ಕೂರುವುದನ್ನು. ಒಂದು ರೆಸಿಡೆನ್ಷಿಯಲ್ ಪಿಯು ಕಾಲೇಜಿನ ಹಾಸ್ಟೆಲ್ ಗೋಡೆಯ ಮೇಲೆ ಟೈಮ್‌ಟೇಬಲ್ ನೋಡಿದ್ದೇನೆ. ಬೆಳಗ್ಗೆ 5ಕ್ಕೆ ಬೆಲ್. 5:30ಕ್ಕೆ ಸ್ಟಡಿ ಅವರ್. ತಿಂಡಿ, ಕ್ಲಾಸು, ಊಟ, ಕ್ಲಾಸು, ಟೀ, ಟೆಸ್ಟು, ಸ್ಟಡಿ ಅವರ್, ಊಟ, ಮತ್ತೆ ಸ್ಟಡಿ ಅವರ್. ಕೊನೆಯ ಸಾಲು: ರಾತ್ರಿ 10:30ರ ನಂತರ ಸ್ವಂತ ಓದು. ಮಲಗುವುದು ಅಂತ ಒಂದು ಸಾಲೇ ಇಲ್ಲ. ಲ್ಯಾಮಿನೇಷನ್ ಮಾಡಿಸಿ, ಮೇಲೆ ಸರಸ್ವತಿ ಚಿತ್ರ ಹಾಕಿ ತೂಗುಹಾಕಿದ್ದರು. ಇಷ್ಟೆಲ್ಲ ಮಾಡಿಸಿ ಮಾತ್ರೆ ನುಂಗಿದ ಹುಡುಗನನ್ನು ಮೋಸಗಾರ ಅಂತೀರಾ? ನೀವು ಬರೆದ ಟೈಮ್‌ಟೇಬಲ್ಲನ್ನು ಅಕ್ಷರಶಃ ಪಾಲಿಸಿದವನು ಅವನೊಬ್ಬನೇ.

ಮೋಸದ ವಿಷಯಕ್ಕೇ ಬರೋಣ. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗೆ ಪರೀಕ್ಷೆ ನಡೆಯಿತು. ಒಎಂಆರ್ ಶೀಟನ್ನು ಖಾಲಿ ಬಿಟ್ಟು ಬಂದು, ಆಮೇಲೆ ಬೇರೆಯವರ ಕೈಲಿ ತುಂಬಿಸಿಕೊಂಡರು ಅನ್ನುವ ಆರೋಪ ಬಂತು, ದೊಡ್ಡ ಅಧಿಕಾರಿಗಳವರೆಗೆ ಜೈಲಿಗೆ ಹೋದರು, ಪರೀಕ್ಷೆಯೇ ರದ್ದಾಯಿತು. ಆ ಖಾಲಿ ಶೀಟಿನವರ ದೇಹಸ್ಥಿತಿ ಯೋಚಿಸಿ. ಯಾವ ಮಾತ್ರೆಯೂ ಇಲ್ಲ. ಕಾಫಿ ಕೂಡ ಬೇಕಿಲ್ಲ. ಹಿಂದಿನ ರಾತ್ರಿ ಒಂಬತ್ತಕ್ಕೇ ಮಲಗಿ, ಎಂಟು ಗಂಟೆ ಗಡದ್ದಾಗಿ ನಿದ್ದೆ ಮಾಡಿ, ತಿಂಡಿ ತಿಂದು ಬಂದಿರಬೇಕು. ಉದ್ದೀಪನ ಮದ್ದಿನ ಪರೀಕ್ಷೆ ಮಾಡಿದ್ದರೆ ಇಡೀ ಹಾಲ್‌ನಲ್ಲಿ ಪರಿಶುದ್ಧರು ಅವರೇ.

2024ರ ಆಗಸ್ಟ್‌ನಲ್ಲಿ ಕೆಎಎಸ್‌ನ 384 ಹುದ್ದೆಗೆ ಕೆಪಿಎಸ್‌ಸಿ ಪೂರ್ವಭಾವಿ ಪರೀಕ್ಷೆ ಮಾಡಿತು. ಕನ್ನಡದ ಪ್ರಶ್ನೆಗಳು ಕನ್ನಡದವರಿಗೇ ಅರ್ಥವಾಗಲಿಲ್ಲ. ಡಿಸೆಂಬರ್‌ನಲ್ಲಿ ಮರುಪರೀಕ್ಷೆ ಮಾಡಿದರು, ಮತ್ತೆ ತಪ್ಪು. ವರ್ಷಗಟ್ಟಲೆ ನಿದ್ದೆಗೆಟ್ಟು ಓದಿದ ಹಳ್ಳಿ ಹುಡುಗ ಪ್ರಶ್ನೆಯೇನು ಅಂತ ತಿಳಿಯಲು ಪಕ್ಕದ ಇಂಗ್ಲಿಷ್ ನೋಡಬೇಕಾಯಿತು. ಇದಕ್ಕೆ ಯಾವ ಮಾತ್ರೆ ಇದೆ? ಯಾರು ನುಂಗಬೇಕು, ಬರೆಯುವವನಾ, ಪ್ರಶ್ನೆ ತೆಗೆದವನಾ?

ಅಮೆರಿಕದಲ್ಲಾದರೂ ನ್ಯಾಯ ಇದೆಯಾ ಅಂದರೆ, ಅಲ್ಲೂ ದುಡ್ಡಿದ್ದವನಿಗೆ ಅಡ್ಡದಾರಿ ಇದೆ. 2019ರಲ್ಲಿ ಹೊರಬಿದ್ದ ಕಾಲೇಜು ಪ್ರವೇಶದ ಹಗರಣ ನೆನಪಿರಬಹುದು. ಅದರ ಸೂತ್ರಧಾರ ರಿಕ್ ಸಿಂಗರ್ ಶ್ರೀಮಂತ ಅಪ್ಪ ಅಮ್ಮಂದಿರಿಗೆ ಹೇಳಿಕೊಡುತ್ತಿದ್ದ: ಮಗುವಿಗೆ ಕಲಿಕೆಯ ತೊಂದರೆ ಇದೆ ಅಂತ ಬರೆಸಿಕೊಂಡು ಬನ್ನಿ, ಪರೀಕ್ಷೆಗೆ ಹೆಚ್ಚು ಸಮಯ ಸಿಗುತ್ತದೆ. ನಿಜವಾಗಿ ತೊಂದರೆ ಇರುವ ಮಕ್ಕಳ ಗತಿ? 2022ರ ಅಕ್ಟೋಬರ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಕರೇ ಆಂಫೆಟಮಿನ್ ಇರುವ ಅಡೆರಾಲ್ ಮಾತ್ರೆಯ ಕೊರತೆ ಇದೆ ಅಂತ ಪ್ರಕಟಿಸಿದರು. ಎಡಿಎಚ್‌ಡಿ ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ ಇರುವ ಮಕ್ಕಳನ್ನು ಕಟ್ಟಿಕೊಂಡು ತಾಯಂದಿರು ಅಂಗಡಿಯಿಂದ ಅಂಗಡಿಗೆ ಅಲೆದರು. ಇದರಲ್ಲಿ ನಗುವಂಥದ್ದು ನನಗೇನೂ ಕಾಣುತ್ತಿಲ್ಲ. ಆ ಮಗುವಿಗೆ ಮಾತ್ರೆ ಅಂದರೆ ಕನ್ನಡಕ. ಬೇರೆಯವರಿಗೆ ಷೋಕಿ.

ಇಷ್ಟು ಹೊತ್ತು ನಗಿಸಲು ನೋಡಿದೆ. ಇನ್ನು ಆಗುತ್ತಿಲ್ಲ. 2023ರ ಆಗಸ್ಟ್‌ನಲ್ಲಿ ರಾಜಸ್ಥಾನದ ಕೋಟಾ ಜಿಲ್ಲಾಡಳಿತ ಒಂದು ಆದೇಶ ಹೊರಡಿಸಿತು. ಹಾಸ್ಟೆಲ್, ಪಿಜಿಗಳ ಫ್ಯಾನುಗಳಿಗೆಲ್ಲ ಸ್ಪ್ರಿಂಗ್ ಹಾಕಿಸಿ. ಯಾಕೆ ಅಂತ ನಿಮಗೆ ಗೊತ್ತು. ಅದಕ್ಕೂ ಮೊದಲು, 2021ರ ಡಿಸೆಂಬರ್‌ನಲ್ಲಿ, ನಮ್ಮದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಸ್ಟೆಲ್ ಕೋಣೆಗಳಿಂದ ಸೀಲಿಂಗ್ ಫ್ಯಾನ್ ತೆಗೆಸಲು ಹೊರಟಿತ್ತು. ದೇಶದ ದೊಡ್ಡ ದೊಡ್ಡ ತಲೆಗಳು ಇರುವ ಜಾಗ. ಮಕ್ಕಳು ಸಾಯುತ್ತಿದ್ದಾರೆ ಅಂದರೆ ಫ್ಯಾನ್ ರಿಪೇರಿ ಮಾಡುತ್ತೀರಿ. ಟೈಮ್‌ಟೇಬಲ್ ಹಾಗೇ ಇರಲಿ, ಫ್ಯಾನ್ ಬದಲಾಗಲಿ. ಯಾರಿಗೂ ನಾಚಿಕೆ ಆಗಲಿಲ್ಲವಾ? ಆದೇಶಕ್ಕೆ ಸಹಿ ಹಾಕುವಾಗ ಪೆನ್ನು ನಿಲ್ಲಲಿಲ್ಲವಾ? ಫಲಿತಾಂಶದ ಮಾರನೇ ದಿನ ಪೇಪರಿನ ಮುಖಪುಟದ ತುಂಬ ಪಾಸ್‌ಪೋರ್ಟ್ ಸೈಜಿನ ಮುಖಗಳನ್ನು ಜೋಡಿಸಿ ಜಾಹೀರಾತು ಕೊಡುತ್ತಾರಲ್ಲ, ಅದರಲ್ಲಿ ಇರದ ಮುಖಗಳ ಬಗ್ಗೆ ಯಾರಾದರೂ ಅರ್ಧ ಕಾಲಂ ಜಾಗ ಖರೀದಿಸಿದ್ದಾರಾ?

ಹೋಗಲಿ ಬಿಡಿ. ಇದನ್ನು ಓದಿದ ಮೇಲೆ ಏನಾಗುತ್ತದೆ ಅಂತ ನನಗೆ ಗೊತ್ತಿದೆ. ಯಾವನೋ ಒಬ್ಬ ತಂದೆ ಮೆಸೇಜ್ ಹಾಕುತ್ತಾರೆ. ಲೇಖನ ತುಂಬಾ ಚೆನ್ನಾಗಿತ್ತು ಸಾರ್, ಕಣ್ಣು ತೆರೆಸಿತು, ಇಂಥದ್ದು ಇನ್ನೂ ಬರೀಬೇಕು. ಎರಡು ನಿಮಿಷ ಬಿಟ್ಟು ಇನ್ನೊಂದು ಮೆಸೇಜ್: ಅದರಲ್ಲಿ ಬರೆದಿದ್ದೀರಲ್ಲ, ಮೂರರಲ್ಲಿ ಯಾವುದಕ್ಕೆ ಸೈಡ್ ಎಫೆಕ್ಟ್ ಕಮ್ಮಿ? ಮಗಳು ಫಸ್ಟ್ ಪಿಯು. ರಾತ್ರಿ ಹನ್ನೊಂದಕ್ಕೆಲ್ಲ ತೂಕಡಿಸ್ತಾಳೆ.

ಹನ್ನೊಂದಕ್ಕೆ ತೂಕಡಿಸದೆ ಇನ್ನೇನು ಮಾಡಬೇಕು ಸ್ವಾಮಿ ಅವಳು? ಲೈಟ್ ಆರಿಸಿ, ಮಲಗಲಿ.